ಜೆಲಸ್ ಅನ್ನೋ ಎರಡು ಪದ

ಓದುಗರಿಗೆಲ್ಲ ನಮಸ್ಕಾರ. ಇದನ್ನ ನಾನೇ ಕೂತು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಮಗಳ ಕಂಪ್ಯೂಟರಿನಲ್ಲಿ ಕುಟ್ಟಿದ್ದೀನಿ. ಎಲ್ಲೋ ಒತ್ತು ಬಿಟ್ಟುಹೋಗಿರಬಹುದು, 'ಶ' ಇರಬೇಕಾದ ಕಡೆ 'ಸ' ಬಿದ್ದಿರಬಹುದು, 'ಹ' ಅನ್ನೋದು ನಮ್ಮ ಬಾಯಲ್ಲೇ ನಿಲ್ಲಲ್ಲ, ಇನ್ನು ಬೆರಳಲ್ಲಿ ಎಲ್ಲಿ ನಿಲ್ಲುತ್ತೆ. ಅದನ್ನೆಲ್ಲ ನೀವು ಮನ್ನಿಸಬೇಕು. ಇನ್ನೊಂದು ತಪ್ಪು ಇದೆ, ಅದು ಈ ಬರಹದ ಒಳಗಿದೆ. ಅದನ್ನ ಮನ್ನಿಸಿ ಅಂತ ನಿಮ್ಮನ್ನ ಕೇಳೋಕೆ ನನಗೆ ಬಾಯಿಲ್ಲ. ಓದಿ, ನೀವೇ ಹೇಳಿ.

ನನ್ನ ಮಗಳು ಸವಿತ ಮಂಡ್ಯದಲ್ಲಿ ಮನೆ ಕಟ್ಟಿಸ್ತಾ ಇದ್ದಾಳೆ. ಮೆಟ್ಟಿಲ ಪಕ್ಕದ ಗೋಡೆಗೆ ಗಾಳಿ ಬರೋ ಹಾಗೆ ತೂತುತೂತಿನ ಜಾಲಿ ಕೂರಿಸಬೇಕು, ನೀನೊಂದು ನಮೂನೆ ಆರಿಸಪ್ಪ ಅಂತ ಒಂದು ದಪ್ಪ ಪುಸ್ತಕ ನನ್ನ ಮಡಿಲಿಗೆ ಹಾಕಿದ್ಲು. ಟೈಲ್ಸ್ ಅಂಗಡಿಯವರು ಕೊಟ್ಟಿದ್ದು. ಕಾಗದ ಎಷ್ಟು ನುಣುಪು ಅಂದ್ರೆ ನನ್ನ ಕನ್ನಡಕ ಅದರ ಮೇಲೆ ಜಾರ್ತಿತ್ತು. ಜಾಲಿಗಳ ಚಿತ್ರದ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಒಂದು ಪದ ಇತ್ತು, ಆದ್ರೆ ಇಂಗ್ಲಿಷ್ ಅಲ್ಲ. ಸೆಲೊಸಿಯ ಅಂತ ಓದಿಕೊಂಡೆ.

ನನಗೊಂದು ಚಟ ಇದೆ. ಗೊತ್ತಿಲ್ಲದ ಪದ ಕಂಡ್ರೆ ಬಿಡಕ್ಕಾಗಲ್ಲ. ವಯಸ್ಸಿಗೆ ಸರಿಯಾಗಿ ಓದಿದವರಿಗೆ ಈ ಚಟ ಇರಲ್ಲ, ಅವರು ಪದಗಳ ಜೊತೆ ಆಡಿಕೊಂಡು ಬೆಳೆದಿರ್ತಾರೆ. ನನ್ನ ಹಾಗೆ ಮೀಸೆ ಬಂದ ಮೇಲೆ ಶಾಲೆಗೆ ಹೋದವನಿಗೆ ಪ್ರತಿ ಪದವೂ ಬೀಗರ ಮನೆಯವರಿದ್ದಂಗೆ. ಮರ್ಯಾದೆ ತಪ್ಪೀತು ಅಂತ ಹೆದರಿಕೆ. ಮಗಳ ಫೋನಿನಲ್ಲಿ ನೋಡಿಸಿದೆ. ಅದು ಸಾಲದೆ ಮಾರನೇ ದಿನ ಲೈಬ್ರರಿಗೆ ಹೋಗಿ, ಎರಡು ಕೈಲಿ ಎತ್ತಬೇಕಾದ ನಿಘಂಟು ಇಳಿಸಿಕೊಂಡು ಕೂತೆ.

ಅದು ಸ್ಪೇನ್ ದೇಶದ ಮಾತು. ಜಾಲಂದ್ರ ಅಂತ ಅರ್ಥ. ಒಳಗಿರೋರಿಗೆ ಹೊರಗಿಂದು ಕಾಣುತ್ತೆ, ಹೊರಗಿರೋರಿಗೆ ಒಳಗಿಂದು ಕಾಣಲ್ಲ, ಅಂಥ ಕಿಟಕಿ. ಅದು ಹುಟ್ಟಿರೋದು 'ಸೆಲೋಸ್' ಅನ್ನೋ ಪದದಿಂದ. ಸೆಲೋಸ್ ಅಂದ್ರೆ ಹೊಟ್ಟೆಕಿಚ್ಚು! ತಮ್ಮ ಮನೆ ಹೆಂಗಸರನ್ನ ಪರರು ನೋಡಬಾರದು ಅಂತ ಹೊಟ್ಟೆಕಿಚ್ಚಿನ ಗಂಡಸರು ಇಡಿಸಿದ ಕಿಟಕಿ ಆದ್ದರಿಂದ ಆ ಹೆಸರಂತೆ. ಆ ಸೆಲೋಸಿಗೆ ತಾಯಿಬೇರು ಗ್ರೀಕ್ ಭಾಷೆಯಲ್ಲಿದೆ, 'ಜೇಲೋಸ್' ಅಂತ. ಗ್ರೀಕರು ಅದನ್ನ ಎರಡಕ್ಕೂ ಬಳಸ್ತಿದ್ರಂತೆ: ನಾನೂ ಅವನ ಹಾಗೆ ಆಗಬೇಕು ಅನ್ನೋ ಹುರುಪಿಗೂ ಅದೇ, ಅವನಿಗೆ ಯಾಕೆ ಸಿಗಬೇಕು ಅನ್ನೋ ಉರಿಗೂ ಅದೇ. ಕುದಿಯೋದು ಅನ್ನೋ ಮಾತಿಗೂ ಅದಕ್ಕೂ ನೆಂಟಸ್ತಿಕೆ ಇದ್ರೂ ಇರಬಹುದು ಅಂತ ಕೆಲವರು ಹೇಳ್ತಾರಂತೆ. ನಾವು ಹೊಟ್ಟೆ ಉರಿ ಅಂತೀವಲ್ಲ, ಅವರಿಗೆ ಕುದಿ. ಒಲೆ ಒಂದೇ.

ಇಷ್ಟಕ್ಕೆ ನಿಂತಿದ್ರೆ ನಾನು ಪುಸ್ತಕ ಮುಚ್ಚಿ ಎದ್ದು ಬರ್ತಿದ್ದೆ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಇತ್ತು. ಆ ಗ್ರೀಕ್ ಪದಾನೇ ಲ್ಯಾಟಿನ್‌ಗೆ ಬಂದು, ಅಲ್ಲಿಂದ ಒಂದು ದಾರಿ ಹಿಡಿದು ಇಂಗ್ಲಿಷಿನಲ್ಲಿ 'ಝೆಲಸ್' ಆಯ್ತು, ಶ್ರದ್ಧೆ ಉತ್ಸಾಹ ಇರೋನು ಅಂತ. ಇನ್ನೊಂದು ದಾರಿ ಫ್ರೆಂಚರ ಬಾಯಿ ಹೊಕ್ಕು ಹೊರಬಂದು 'ಜೆಲಸ್' ಆಯ್ತು, ಹೊಟ್ಟೆಕಿಚ್ಚಿನವನು ಅಂತ. ಅಂದ್ರೆ ಇವೆರಡು ಒಂದೇ ಮನೆಯಿಂದ ಪಾಲಾಗಿ ಹೋದ ದಾಯಾದಿಗಳು!

ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದೆ. ಎಪ್ಪತ್ತರ ದಶಕದಲ್ಲಿ ಈ ಎರಡು ಪದ ನನ್ನನ್ನ ಏನು ಮಾಡಿದ್ವು ಅನ್ನೋದು ಆ ನಿಘಂಟಿಗೇನು ಗೊತ್ತು?

ನಮ್ಮದು ಬೆಸಗರಹಳ್ಳಿ ಹತ್ತಿರದ ಸಣ್ಣ ಊರು. ನಮ್ಮಪ್ಪ, ಚಿಕ್ಕಪ್ಪ ಪಾಲಾಗಿದ್ರೂ ಮನೆ ಮಧ್ಯೆ ಒಂದೇ ಗೋಡೆ. ಆ ಕಡೆ ಚಿಕ್ಕಪ್ಪನ ಮಗ ಶಂಕರೇಗೌಡ, ಈ ಕಡೆ ನಾನು, ಬೋರೇಗೌಡ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು. ಊರಿಗೆಲ್ಲ ಸಂಕ್ರ. ನಾಲ್ಕನೇ ಕ್ಲಾಸಿಗೇ ನಮ್ಮಪ್ಪ ನನ್ನನ್ನ ಶಾಲೆ ಬಿಡಿಸಿ ಆಲೆಮನೆಗೆ ಹಾಕಿದ್ರು. ಗಾಣದ ಬಾಯಿಗೆ ಕಬ್ಬು ಕೊಡೋದು ನನ್ನ ಕೆಲಸ. ಬೆಲ್ಲದ ಬಿಸಿಹಬೆ ಮುಖಕ್ಕೆ ಹೊಡೀತಿರಬೇಕಾದ್ರೆ ರಸ್ತೆ ಮೇಲೆ ಸಂಕ್ರ ಸ್ಲೇಟು ಹಿಡ್ಕೊಂಡು ಹೋಗೋನು. ಅವನ ಅಂಗಿ ಗುಂಡಿ ಮೇಲಿಂದ ಕೆಳಗೆ ಪೂರ್ತಿ ಇರೋವು. ನನ್ನ ಅಂಗಿಗೆ ಎರಡೇ. ಬಿಸಿಬೆಲ್ಲದ ಉಂಡೆ ಕೊಡೋಕೆ ಅವನನ್ನ ಕರೆಯೋನು ನಾನು. ಅವನು ತಿಂತಾ ಇರಬೇಕಾದ್ರೆ ಸ್ಲೇಟು ಈಸ್ಕೊಂಡು ನೋಡೋನು. ಮೂಲೆ ಮುರಿದಿದ್ರೆ ನನಗೊಂಥರ ಸಮಾಧಾನ.

ಇದನ್ನ ನಮ್ಮಜ್ಜಿ ಕಂಡುಹಿಡಿದಿದ್ಲು. "ಕರುಬಬ್ಯಾಡ ಕಣ್ ಮಗ. ಕರುಬೋನ ಒಟ್ಟೆಗೆ ಉಂಡಿದ್ದು ಅತ್ತಲ್ಲ" ಅಂತಿದ್ಲು. ನನಗಂತೂ ಅವಾಗ ಮೂರು ಮುದ್ದೆ ಚೆನ್ನಾಗೇ ಹತ್ತುತಿತ್ತು.

ಇಪ್ಪತ್ತೆರಡಾದ ಮೇಲೆ ನನಗೆ ಓದಬೇಕು ಅನ್ನಿಸ್ತು. ಜ್ಞಾನದ ದಾಹ ಅಂತೆಲ್ಲ ಹೇಳಿದ್ರೆ ಸುಳ್ಳಾಗುತ್ತೆ. ಸಂಕ್ರ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮಂಡ್ಯದಲ್ಲಿ ಪಿಯುಸಿಗೆ ಸೇರಿದ್ದ, ಊರಿಗೆ ಬಂದಾಗ ಜೇಬಿಗೆ ಪೆನ್ನು ಸಿಕ್ಕಿಸ್ಕೊಂಡು ಬರೋನು. ಆ ಪೆನ್ನು ನನ್ನ ಎದೆಗೆ ಸಿಕ್ಕಿಸಿದಂಗೆ ಇರೋದು. ಪಕ್ಕದೂರಿನ ಹೈಸ್ಕೂಲು ಹೆಡ್‌ಮೇಷ್ಟ್ರ ಮುಂದೆ ಹೋಗಿ ನಿಂತೆ. ಪುಣ್ಯಾತ್ಮರು ನಗಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ರೂ ಕ್ಲಾಸಿನಲ್ಲಿ ಕೂತು ಪಾಠ ಕೇಳು, ಪ್ರೈವೇಟಾಗಿ ಪರೀಕ್ಷೆ ಕಟ್ಟು ಅಂದ್ರು. ಹಿಂದಿನ ಬೆಂಚು ಚಿಕ್ಕದು, ಮಂಡಿ ಎದೆಗೆ ಬರೋದು. ಮುಂದಿನ ಬೆಂಚಿನವರು ಚಡ್ಡಿ ಹಾಕಿಕೊಂಡು ಬರೋರು. ಮಧ್ಯಾಹ್ನದ ಬಿಡುವಲ್ಲಿ ನನ್ನನ್ನ ಮೇಷ್ಟ್ರು ಅಂದ್ಕೊಂಡು ಹೊಸಬರು ಕೈ ಮುಗಿದಿದ್ದೂ ಉಂಟು. ನಾಲ್ಕು ವರ್ಷ ಒದ್ದಾಡಿ, ಒಂದು ಸಲ ಡುಮ್ಕಿ ಹೊಡೆದು, ಪಾಸಾದೆ.

ಆಮೇಲೆ ಟೈಪಿಂಗು. ಆಗ ಟೈಪು ಬರೋನಿಗೆ ಕೆಲಸ ಗ್ಯಾರಂಟಿ ಅನ್ನೋ ಮಾತಿತ್ತು. ಮಂಡ್ಯದಲ್ಲಿ ಒಂದು ಮಹಡಿ ಮೇಲಿನ ಟೈಪಿಂಗ್ ಇನ್‌ಸ್ಟಿಟ್ಯೂಟು ಸೇರಿದೆ. ಸೇರಿದ ಮೂರನೇ ದಿನಕ್ಕೆ ಮೆಟ್ಟಿಲು ಹತ್ತಿ ಬಂದೋನು ಯಾರು? ಸಂಕ್ರ! ಪಿಯುಸಿ ಆದ ಮೇಲೆ ಕೆಲಸ ಹುಡುಕಿ ಹುಡುಕಿ ಅವನೂ ಅಲ್ಲಿಗೇ ಬಂದಿದ್ದ.

"ಬೋರಣ್ಣ, ನೀನು ಇಲ್ಲೇ ಇದ್ದೀಯಾ! ಒಳ್ಳೇದಾಯ್ತು ಬುಡು, ಜತೇಲೇ ಬಸ್ಸಿಗೆ ಓಗಬೋದು" ಅಂದ, ಬಾಯಿ ತುಂಬ ನಕ್ಕೊಂಡು.

"ಊಂ ಕಣ್ಲಾ, ಒಳ್ಳೇದಾಯ್ತು" ಅಂದೆ. ನನ್ನ ಹೊಟ್ಟೆಯೊಳಗೆ ಗಾಣ ತಿರುಗೋಕೆ ಶುರುವಾಯ್ತು.

ಟೈಪ್ ಮಿಷನ್ ಕಂಡವರಿಗೆ ಗೊತ್ತು, ಸಾಲು ಮುಗಿಯೋಕೆ ಬಂದಾಗ ಅದು ಟಿಂಗ್ ಅಂತ ಗಂಟೆ ಹೊಡೆಯುತ್ತೆ. ನನ್ನ ಮಿಷನ್ ಒಂದು ಟಿಂಗ್ ಅನ್ನೋ ಹೊತ್ತಿಗೆ ಸಂಕ್ರನದು ಮೂರು ಟಿಂಗ್ ಅಂದಿರೋದು. ನನ್ನ ಬೆರಳು ಕಬ್ಬು ಕೊಟ್ಟು ದಪ್ಪ ಆಗಿದ್ವು, ಒಂದು ಅಕ್ಷರ ಒತ್ತಿದ್ರೆ ಪಕ್ಕದ್ದೂ ಎದ್ದು ಬಂದು ಎರಡೂ ನಡುದಾರಿಲಿ ಕಚ್ಚಿಕೊಳ್ಳೋವು. ನಾನು ಅವನ್ನ ಬಿಡಿಸ್ತಾ ಕೂತಿದ್ರೆ ಪಕ್ಕದಲ್ಲಿ ಟಿಂಗ್. ನಾನು ಕಾಗದ ನೆಟ್ಟಗೆ ಮಾಡೋ ಹೊತ್ತಿಗೆ ಟಿಂಗ್. ಆ ಹಾಲಿಗೂ ಟೈಪ್ ಮೇಷ್ಟ್ರ ರೂಮಿಗೂ ಮಧ್ಯೆ ಒಂದು ಮರದ ಜಾಲಂದ್ರ ಇತ್ತು. ನೀರು ಕುಡಿಯೋ ನೆಪದಲ್ಲಿ ಆ ಕಡೆ ಹೋಗಿ, ಜಾಲಂದ್ರದ ಸಂದಿಯಿಂದ ಸಂಕ್ರನ ಬೆರಳು ನೋಡ್ತಾ ನಿಲ್ತಿದ್ದೆ. ತೆಳ್ಳಗೆ, ಉದ್ದಕ್ಕೆ, ನೀರಲ್ಲಿ ಮೀನು ಆಡ್ದಂಗೆ ಆಡೋವು. ಸ್ಪೇನಿನವರು ಆ ಮರದ ಜಾಲಕ್ಕೆ ಸರಿಯಾದ ಹೆಸರನ್ನೇ ಇಟ್ಟಿದ್ದಾರೆ ಬಿಡಿ.

ಒಂದು ದಿನ ಟೈಪ್ ಮೇಷ್ಟ್ರು ನನ್ನ ಹಿಂದೆನೇ ಬಂದು ನಿಂತಿದ್ರು. ಪೇಟೆಯ ಪುರೋಹಿತರ ಮನೆಯವರು, ಮಾತು ಮೆತ್ತಗೆ. "ಏನಪ್ಪಾ ಬೋರೇಗೌಡ, ಕುಡಿದ ನೀರು ಇನ್ನೂ ಇಳೀಲಿಲ್ವೇ?" ಅಂದ್ರು. ಆಮೇಲೆ ಹೇಳಿದ್ರು, "ಅವನ ಕೈ ನೋಡಿದ್ರೆ ನಿನ್ನ ಕೈ ಓಡೋದಿಲ್ಲ. ಹೋಗಿ ಕೂತ್ಕೋ." ಆ ವಾರವೇ ಅವರು ನನ್ನ ನೋಟ್‌ಬುಕ್ಕಿನಲ್ಲಿ ಕಷ್ಟದ ಪದಗಳ ಪಟ್ಟಿ ಬರೆದುಕೊಟ್ರು, ಅರ್ಥದ ಸಮೇತ. ಅದರಲ್ಲಿ ಒಂದು, ಜೆಲಸ್. ಜೆ ಅಕ್ಷರದಿಂದ ಶುರು. ಅರ್ಥ: ಹೊಟ್ಟೆಕಿಚ್ಚಿನ. ನನಗೇ ಅಂತ ಹಾಕಿದ್ರೋ ಏನೋ, ಇವತ್ತಿಗೂ ಗೊತ್ತಿಲ್ಲ. ಜಾಲಂದ್ರದಿಂದ ನೋಡೋದಕ್ಕೇ ಜೆಲಸ್ ಅಂತಾರೆ, ಜಾಲದಿಂದ ಜೆಲಸ್ ಬಂದಿರಬೇಕು ಅಂತ ನಾನೇ ಒಂದು ಲೆಕ್ಕ ಹಾಕಿ ನೆನಪಿಟ್ಟುಕೊಂಡೆ.

ಹೀಗಿರಬೇಕಾದ್ರೆ ಮಳವಳ್ಳಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಒಂದು ಖಾಲಿ ಇದೆ ಅಂತ ಗೊತ್ತಾಯ್ತು. ಒಂದೇ ಒಂದು. ಇಬ್ಬರೂ ಅರ್ಜಿ ಹಾಕಿದ್ವಿ. ಸಂಕ್ರನಿಗೆ ಆ ಕೆಲಸ ಸಿಗದೆ ಹೋದ್ರೆ ಚಿಕ್ಕಪ್ಪ ಅವನನ್ನ ಟೈಪಿಂಗ್ ಬಿಡಿಸಿ ಗದ್ದೆಗೆ ಇಳಿಸ್ತೀನಿ ಅಂದಿದ್ರು. ನನಗೆ ಸಿಗದೆ ಹೋದ್ರೆ ಮತ್ತೆ ಆಲೆಮನೆ. ಇಪ್ಪತ್ತಾರು ವರ್ಷದ ಎಸ್ಸೆಸ್ಸೆಲ್ಸಿಗೆ ಎರಡನೇ ಸಲ ಯಾರು ಬಾಗಿಲು ತೆಗೀತಾರೆ?

ಅರ್ಜಿ ಜೊತೆ ನಡತೆ ಸರ್ಟಿಫಿಕೇಟು ಬೇಕಿತ್ತು, ಇಂಗ್ಲಿಷಿನಲ್ಲಿ, ಟೈಪ್ ಆಗಿರಬೇಕು. ಸಂಕ್ರನೂ ಓದಿದ್ದು ಅದೇ ಹೈಸ್ಕೂಲಲ್ಲಿ. ಇಬ್ಬರೂ ಹೆಡ್‌ಮೇಷ್ಟ್ರ ಹತ್ತಿರ ಹೋದ್ವಿ. ನಾನು ಹೇಳ್ತೀನಿ, ಬರ್ಕೊಂಡು ಹೋಗಿ ಟೈಪ್ ಮಾಡಿಸ್ಕೊಂಡು ಬನ್ನಿ, ಸಹಿ ಹಾಕ್ತೀನಿ ಅಂದ್ರು.

"ನನ್ನದು ನಾನೇ ಬರ್ಕತೀನಿ ಸಾ" ಅಂದ ಸಂಕ್ರ.

"ತನ್ನ ಹೊಗಳಿಕೆ ತಾನೇ ಬರ್ಕೊಳ್ಳೋದು ಏನು ಚೆಂದ? ಬೋರೇಗೌಡ ದೊಡ್ಡೋನು, ಎರಡನ್ನೂ ಅವನೇ ಬರ್ಕೊಂಡು ಟೈಪ್ ಮಾಡ್ಲಿ" ಅಂದ್ರು.

ಮೊದಲು ನನ್ನದು ಹೇಳಿದ್ರು. ಬೋರೇಗೌಡ ಈಸ್ ಒಬಿಡಿಯೆಂಟ್. ವಿಧೇಯ. ಮುಗೀತು. ಆಮೇಲೆ ಸಂಕ್ರನದು. ಶಂಕರೇಗೌಡ ಈಸ್ ಹಾನೆಸ್ಟ್, ಪಂಕ್ಚುಯಲ್ ಅಂಡ್ ಜೆಲಸ್ ಇನ್ ಹಿಸ್ ವರ್ಕ್. ನನಗೆ ಒಂದು ಗುಣ, ಅವನಿಗೆ ಮೂರು! ನಾಲ್ಕು ವರ್ಷ ಮಂಡಿ ಎದೆಗೆ ಒತ್ತಿಕೊಂಡು ಕೂತಿದ್ದಕ್ಕೆ ವಿಧೇಯ ಅಂತ ಒಂದು ಪದ. ಎತ್ತಿಗೂ ಅದನ್ನೇ ಹೇಳ್ತಾರಲ್ಲ.

ಆದ್ರೆ ಮೂರನೇ ಪದ ಕಿವಿಗೆ ಬಿದ್ದಾಗ ನನ್ನ ಪೆನ್ಸಿಲು ನಿಂತಿತು. ಜೆಲಸ್ ಅಂದ್ರೆ ಹೊಟ್ಟೆಕಿಚ್ಚಿನ. ನನಗೆ ಅರ್ಥ ಗೊತ್ತಿತ್ತು, ಪಟ್ಟಿಯಲ್ಲಿ ಕಲಿತಿದ್ದೆ. ಹೊಗಳ್ತಾ ಹೊಗಳ್ತಾ ಹೆಡ್‌ಮೇಷ್ಟ್ರು ಹಾಗೆ ಯಾಕೆ ಅಂದ್ರು? ಅಂಥದ್ದೇ ಶಬ್ದದ ಇನ್ನೊಂದು ಪದ ಇದೆ ಅನ್ನೋದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಬಾಯಲ್ಲಿ ಇಂಗ್ಲಿಷಿನ ಕೊನೇ ಅಕ್ಷರಕ್ಕೂ 'ಜ', ಜೆ ಅಕ್ಷರಕ್ಕೂ 'ಜ'. ಹೆಡ್‌ಮೇಷ್ಟ್ರ ಬಾಯಲ್ಲೂ ಅಷ್ಟೇ. "ಸಾ, ಇದೇನು ಇಂಗೆ?" ಅಂತ ಒಂದು ಮಾತು ಕೇಳಬಹುದಿತ್ತು. ಎದುರಿಗೇ ಕೂತಿದ್ರು, ನನಗೂ ಅವರಿಗೂ ಮಧ್ಯೆ ಒಂದು ಮೇಜು. ಕೇಳಲಿಲ್ಲ. ಇವರಿಗೂ ಇವನ ಬಣ್ಣ ಗೊತ್ತಾಗಿದೆ ಅಂತ ಒಳಗೊಳಗೇ ಬೆಲ್ಲ ಮೆದ್ದೆ. ಮಂಡ್ಯಕ್ಕೆ ಹೋಗಿ, ಜೆ ಅಕ್ಷರ ನೋಡಿಕೊಂಡು, ಬಲಗೈ ತೋರುಬೆರಳಲ್ಲಿ ಗಟ್ಟಿಯಾಗಿ ಒತ್ತಿದೆ. ಆವತ್ತು ಒಂದಕ್ಷರವೂ ಕಚ್ಚಿಕೊಳ್ಳಲಿಲ್ಲ.

ಸಹಿಗೆ ತಗೊಂಡು ಹೋದಾಗ ಹೆಡ್‌ಮೇಷ್ಟ್ರು ಕನ್ನಡಕ ಹುಡುಕಿದ್ರು, ಸಿಗಲಿಲ್ಲ. "ನೀನು ಮಾಡಿದ ಮೇಲೆ ನೋಡೋದೇನಿದೆ ಬೋರೇಗೌಡ" ಅಂತ ಹಾಗೇ ಸಹಿ ಹಾಕಿ ಸೀಲು ಒತ್ತಿದ್ರು. ಅರ್ಜಿಗಳು ಮಳವಳ್ಳಿಗೆ ಹೋದ್ವು.

ಇಂಟರ್‌ವ್ಯೂಗೆ ಎರಡು ದಿನ ಇದೆ ಅನ್ನಬೇಕಾದ್ರೆ ಟೈಪ್ ಮೇಷ್ಟ್ರು ನಮಗೆ ಅಭ್ಯಾಸಕ್ಕೆ ಅಂತ ಒಂದು ಪುಟ ಕೊಟ್ರು. ಅದರ ನಡುವೆ ಒಂದು ಪದ ಬಂತು. ನೋಡೋಕೆ ಜೆಲಸ್ ಇದ್ದಂಗೇ ಇದೆ, ಶುರುವಲ್ಲಿ ಮಾತ್ರ ಜೆ ಬದಲು ಇಂಗ್ಲಿಷಿನ ಕೊನೇ ಅಕ್ಷರ, ಝಡ್. ಎಡಗೈ ಕಿರುಬೆರಳು, ಕೆಳಗಿನ ಸಾಲು, ಮೂಲೆ. ಆ ಗುಂಡಿ ನಾನು ಮುಟ್ಟಿದ್ದೇ ಕಡಿಮೆ, ದೂಳು ಕೂತಿತ್ತು.

"ಮೇಷ್ಟ್ರೇ, ಇಲ್ಲಿ ಜೆಲಸ್ ತಪ್ಪಾಗಿ ಬಿದ್ದಿದೆ" ಅಂದೆ.

"ತಪ್ಪಲ್ಲಪ್ಪಾ, ಅದು ಬೇರೆ ಪದ. ಝೆಲಸ್. ಕೆಲಸದಲ್ಲಿ ಶ್ರದ್ಧೆ ಇರೋನು, ಉತ್ಸಾಹಿ ಅಂತ. ಸರ್ಟಿಫಿಕೇಟಿನಲ್ಲೆಲ್ಲ ಬರೀತಾರೆ ನೋಡು."

ಪಕ್ಕದಲ್ಲಿ ಸಂಕ್ರನ ಮಿಷನ್ ಟಿಂಗ್ ಅಂತು. ಅವನು ಆ ಸಾಲು ಆಗಲೇ ದಾಟಿ ಹೋಗಿದ್ದ, ತಲೆನೂ ಎತ್ತಲಿಲ್ಲ.

ನನ್ನ ಹೊಟ್ಟೆಯೊಳಗಿನ ಗಾಣ ಗಕ್ಕನೆ ನಿಂತಿತು. ನಾನು ಅವನ ಅರ್ಜಿಯೊಳಗೆ ಏನಿಟ್ಟಿದ್ದೀನಿ ಅಂತ ಆಗ ಗೊತ್ತಾಯ್ತು. ಹೇಳಬೇಕು. ಹೇಳಿದ್ರೆ ಹೆಡ್‌ಮೇಷ್ಟ್ರ ಹತ್ತಿರ ಓಡಿಹೋಗಿ ಬೇರೆ ತರಬಹುದು, ಎರಡು ದಿನ ಇದೆ. ಸಂಜೆ ಬಸ್ಸಲ್ಲಿ ಹೇಳೋಣ ಅಂದ್ಕೊಂಡೆ, ಸೀಟು ಸಿಗಲಿಲ್ಲ ಅನ್ನೋ ನೆಪ. ಮನೆ ಜಗಲಿ ಮೇಲೆ ಹೇಳೋಣ ಅಂದ್ಕೊಂಡೆ, ಚಿಕ್ಕವ್ವ ಅವನ ಬಿಳಿ ಅಂಗಿಗೆ ನೀಲಿ ಹಾಕ್ತಾ ಇದ್ರು. ಆ ಅಂಗಿ ನೋಡಿ ಮತ್ತೆ ಗಾಣ ತಿರುಗಿತು. ನನ್ನ ಅಂಗಿಗೆ ಯಾರೂ ನೀಲಿ ಹಾಕಿರಲಿಲ್ಲ.

ಇಂಟರ್‌ವ್ಯೂ ದಿನ ಮದ್ದೂರಿಗೆ ಬಂದು ಮಳವಳ್ಳಿ ಬಸ್ ಹತ್ತಿದ್ವಿ. ಕಿಟಕಿ ಪಕ್ಕ ನನ್ನನ್ನ ಕೂರಿಸಿದ. "ನೀನು ಗಾಳಿಗೆ ಕೂತ್ಕ ಬೋರಣ್ಣ, ಬಸ್ಸು ನಿಂಗಾಗಲ್ಲ." ದಾರೀಲಿ ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ಬಂದು ಹೋಗೋ ಜನ ಹತ್ತಿದ್ರು. ಸಂಕ್ರ ಎದ್ದು ಒಬ್ಬ ಮುದುಕಿಗೆ ಸೀಟು ಕೊಟ್ಟ. ಬಿಳಿ ಅಂಗಿ ಕಂಬಕ್ಕೆ ತಾಗದಂಗೆ ಮೈ ಬಿಗಿ ಹಿಡಿದು ನಿಂತ. ಆ ಮುದುಕಿ ನನ್ನ ಕಡೆ ತಿರುಗಿ, "ನಿನ್ ತಮ್ಮನಾ? ಚಿನ್ನದಂಥ ಐದ ಕಣಪ್ಪ" ಅಂದ್ಲು. ಅದಕ್ಕೂ ನನಗೆ ಕಿಚ್ಚು. ನಾನೂ ಏಳಬಹುದಿತ್ತು, ಅವನು ನನಗಿಂತ ಮೊದಲು ಎದ್ದ.

ಮಳವಳ್ಳಿ ಆಫೀಸಿನ ಜಗಲಿ ಮೇಲೆ ಬೆಂಚು. ಸಾಹೇಬರ ರೂಮಿನ ಬಾಗಿಲಿಗೆ ಪರದೆ ಇತ್ತು, ಬಾಗಿಲು ಹಾಕಿರಲಿಲ್ಲ. ಮೊದಲು ಸಂಕ್ರನ್ನ ಕರೆದ್ರು. ಒಳಗೆ ಮಿಷನ್ ಸದ್ದು ಕೇಳಿಸ್ತು, ಟಿಂಗ್, ಟಿಂಗ್. ಆಮೇಲೆ ಕಾಗದ ಮಗುಚೋ ಸದ್ದು. ಆಮೇಲೆ ಸಾಹೇಬರು ಜೋರಾಗಿ ನಕ್ರು.

"ಏನಯ್ಯಾ ಶಂಕರೇಗೌಡ, ನಿಮ್ಮ ಹೆಡ್‌ಮಾಸ್ಟ್ರು ನಿನಗೆ ಹೊಟ್ಟೆಕಿಚ್ಚು ಅಂತ ಬರೆದುಕೊಟ್ಟಿದ್ದಾರಲ್ಲ! ಜೆಲಸ್ ಇನ್ ಹಿಸ್ ವರ್ಕ್! ಯಾರ ಮೇಲಯ್ಯಾ ನಿನಗೆ ಹೊಟ್ಟೆಕಿಚ್ಚು?"

ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡ್ಕೊಂಡೆ. ಪಿಯುಸಿ ಓದಿದವನು, ತಪ್ಪು ಬಿದ್ದಿದೆ ಸಾರ್ ಅಂತಾನೆ, ಟೈಪ್ ಮಾಡಿದವನು ಆಚೆ ಕೂತವ್ನೆ ಅಂತಾನೆ ಅಂದ್ಕೊಂಡೆ. ಸಂಕ್ರನ ದನಿ ಮೆತ್ತಗೆ ಬಂತು.

"ನಮ್ಮಣ್ಣನ ಮ್ಯಾಲೆ ಸಾ."

"ಯಾರು?"

"ನಮ್ ದೊಡ್ಡಪ್ಪನ ಮಗ ಸಾ, ಆಚೆ ಕೂತವ್ನೆ, ಬೋರೇಗೌಡ ಅಂತ. ಎಡ್‌ಮೇಷ್ಟ್ರಿಗೆ ಎಂಗೆ ಗೊತ್ತಾಯ್ತೋ ಕಾಣೆ, ನಾ ಯಾರಿಗೂ ಯೋಳಿರಲಿಲ್ಲ. ನಂಗೆ ನಮ್ಮಪ್ಪ ಓದ್ಲಾ ಅಂತ ವಡ್ದು ಕಳ್ಸುದ್ರು, ಓದ್ದೆ. ಅವನ್ನ ಯಾರೂ ಕಳ್ಸಲಿಲ್ಲ ಸಾ. ಇಪ್ಪತ್ತೆರಡು ವರ್ಸಕ್ಕೆ ಅವನಾಗೇ ವೋಗಿ ಚಡ್ಡಿ ಐಕಳ ಇಂದ್ಗಡೆ ಕೂತ್ಕಂಡ. ಊರೋರು ಆಡ್ಕಂಡ್ರು, ತಲೆ ಬಗ್ಗಿಸ್ದೆ ಓದ್ದ. ನಾನಾಗಿದ್ರೆ ನಾಚ್ಕೇಲೇ ಸತ್ತೋಗ್ತಿದ್ದೆ. ಅವನ್ ಕಂಡ್ರೆ ನಂಗೆ ಒಟ್ಟೆ ಉರಿಯೋದು ನಿಜ ಸಾ. ಸುಳ್ಳ್ಯಾಕೆ ಯೋಳ್ಲಿ."

ಓದುಗರೇ, ಆಗ ನನಗೆ ಕಣ್ಣೀರು ಬಂತು ಅಂತ ಬರೆದ್ರೆ ನೀವು ನಂಬ್ತೀರಿ. ಬರಲಿಲ್ಲ. ನನಗೆ ಮೊದಲು ಬಂದಿದ್ದು ಮತ್ತದೇ ಉರಿ. ಹೊಟ್ಟೆಕಿಚ್ಚು ಒಂದಾದ್ರೂ ನನ್ನ ಸ್ವಂತದ್ದು ಅಂದ್ಕೊಂಡಿದ್ದೆ, ಇಷ್ಟು ವರ್ಷ ಸಾಕಿದ್ದು ನಾನು. ಅದರಲ್ಲೂ ಅವನೇ ಮುಂದೆ ಹೋದ. ನಾನು ಸಂದಿಯಲ್ಲಿ ನಿಂತು ಪಟ್ಟಿದ್ದನ್ನ ಅವನು ಸಾಹೇಬರ ಮುಂದೆ ನಿಂತು ಬಿಚ್ಚಿ ಹೇಳಿದ, ಒಂದು ಹನಿ ನಾಚಿಕೆ ಇಲ್ಲದೆ.

"ಇದನ್ನ ಟೈಪ್ ಮಾಡಿದ್ದು ಯಾರು?" ಅಂದ್ರು ಸಾಹೇಬರು.

"ಮಂಡ್ಯದಲ್ಲಿ ಮಾಡ್ಸಿದ್ದು ಸಾ" ಅಂದ ಸಂಕ್ರ. ನನ್ನ ಹೆಸರು ಹೇಳಲಿಲ್ಲ.

ಆಮೇಲೆ ನನ್ನ ಸರದಿ. ಪರದೆ ಸರಿಸಿ ಬಂದ ಸಂಕ್ರ ನನ್ನ ಭುಜ ಮುಟ್ಟಿ, "ಎದ್ರುಕೋಬ್ಯಾಡ ಬೋರಣ್ಣ, ಒಳ್ಳೇರು" ಅಂದ. ಸಾಹೇಬರು ನನ್ನ ಸರ್ಟಿಫಿಕೇಟು, ಅವನದು, ಎರಡನ್ನೂ ಪಕ್ಕಪಕ್ಕ ಇಟ್ಕೊಂಡಿದ್ರು. ಎರಡರಲ್ಲೂ ಇಂಗ್ಲಿಷಿನ 'ಇ' ಅಕ್ಷರದ ಹೊಟ್ಟೆ ಮಸಿ ತುಂಬಿ ಮುಚ್ಚಿಹೋಗಿತ್ತು. ಒಂದೇ ಮಿಷನ್ನು ಅಂತ ಕುರುಡನಿಗೂ ಗೊತ್ತಾಗೋದು.

"ಇದನ್ನ ಮಾಡಿದ್ದು ಯಾರು ಅಂತ ನಿನಗೆ ಗೊತ್ತೇನಯ್ಯಾ?"

"ನಾನೇ ಸಾರ್" ಅಂದೆ. "ಮೇಷ್ಟ್ರು ಬರೆಸಬೇಕಾದ್ರೆ ಝೆಲಸ್ ಅಂತ ಹೇಳಿದ್ರು. ನಮ್ಮ ಕಿವಿಗೆ ಎರಡೂ ಒಂದೇ ಸಾರ್. ಆ ಪದ ನನಗೆ ಗೊತ್ತಿರಲಿಲ್ಲ. ತಪ್ಪಾಗಿ ಜೆ ಒತ್ತಿದೆ. ಅವನದೇನೂ ಇಲ್ಲ ಸಾರ್, ಅವನು ಶ್ರದ್ಧೆಯ ಹುಡುಗ."

ಸಾಹೇಬರು ಕನ್ನಡಕ ತೆಗೆದು ನನ್ನನ್ನ ನೋಡಿದ್ರು. "ಟೈಪಿಸ್ಟ್ ಕೆಲಸ ಕೇಳೋಕೆ ಬಂದು ತಪ್ಪು ಟೈಪ್ ಮಾಡಿದ್ದೀನಿ ಅಂತಿದ್ದೀಯಲ್ಲಯ್ಯಾ" ಅಂದ್ರು. ಬೈದಂಗೂ ಇತ್ತು, ಮರುಗಿದಂಗೂ ಇತ್ತು. ಕೆಲಸ ಸಂಕ್ರನಿಗೆ ಆಯ್ತು, ಸರ್ಟಿಫಿಕೇಟು ತಿದ್ದಿಸಿ ತಂದುಕೊಡಬೇಕು ಅಂದ್ರು. ತಿದ್ದಿದ್ದನ್ನ ಟೈಪ್ ಮಾಡಿದ್ದೂ ನಾನೇ. ಎಡಗೈ ಕಿರುಬೆರಳು, ಕೆಳಗಿನ ಸಾಲು, ಮೂಲೆ.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ನೋಡಿ. ಝೆಲಸ್ ಗೊತ್ತಿರಲಿಲ್ಲ, ನಿಜ. ಆದ್ರೆ ಜೆಲಸ್ ಗೊತ್ತಿತ್ತಲ್ಲ? ಅರ್ಥ ಗೊತ್ತಿದ್ದೇ ಒತ್ತಿದೆ, ಕೇಳಬಹುದಾಗಿದ್ದನ್ನ ಕೇಳಲಿಲ್ಲ, ಎರಡು ದಿನ ಮುಂಚೆ ಗೊತ್ತಾಗಿದ್ರೂ ಬಾಯಿ ಬಿಡಲಿಲ್ಲ. ಆ ಅರ್ಧ ನನ್ನಲ್ಲೇ ಉಳೀತು.

ಉಳಿದಿದ್ದು ಬೆಳೀತು. ವಾಪಸ್ ಬರೋ ಬಸ್ಸಲ್ಲಿ ಸಂಕ್ರ ನನ್ನ ಕೈ ಬಿಡಲಿಲ್ಲ. "ನಿನ್ನ ಕೆಲ್ಸ ಕಳ್ಕಂಡು ನನ್ನ ಉಳ್ಸುದೆ ಕಣಣ್ಣ. ಯಾರ್ ಮಾಡಾರು?"

"ಸಂಕ್ರ, ಅಂಗಲ್ಲ ಕಣ್ಲಾ, ಆ ಪದ ನಂಗೆ..." ಅಂದೆ.

"ಸುಮ್ಕಿರಣ್ಣ. ತಪ್ಪು ಯಾರ್ ಮಾಡಲ್ಲ? ಒಪ್ಕಳ್ಳೋರು ಎಷ್ಟ್ ಜನ?" ಅಂದ. ಟಿಕೇಟು ಕೊಡೋಕೆ ಬಂದ ಕಂಡಕ್ಟರಿಗೂ ನನ್ನ ಕತೆ ಹೇಳಿದ. ಊರಿಗೆಲ್ಲ ಹೇಳಿದ. ಚಿಕ್ಕವ್ವ ಮನೆಗೆ ಕರೆದು ಕೋಳಿ ಸಾರು ಮಾಡಿ, ತಾವೇ ಕೂತು ಬಡಿಸಿದ್ರು. "ಉಣ್ಲಾ ಮಗ. ನಮ್ ವಂಸದಲ್ಲಿ ದಾಯಾದಿ ಮಚ್ಚರ ಇಲ್ಲ ಅನ್ನುಸ್ಬುಟ್ಟೆ" ಅಂದ್ರು. ಅಜ್ಜಿ ಹೇಳಿದ್ದು ಆವತ್ತು ನಿಜ ಆಯ್ತು. ಉಂಡಿದ್ದು ಹತ್ತಲಿಲ್ಲ.

ನಾನು ಎರಡು ವರ್ಷ ಆಲೆಮನೆಗೆ ಹೋದೆ, ಆಮೇಲೆ ಮದ್ದೂರಿನ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದೆ. ಸಂಕ್ರ ಮಳವಳ್ಳಿಯಲ್ಲೇ ಹೆಡ್‌ಕ್ಲರ್ಕ್ ಆಗಿ ರಿಟೈರ್ ಆದ. ಈಗಲೂ ಮದುವೆಮುಂಜಿ ಮನೆಯಲ್ಲಿ ನಾಲ್ಕು ಜನ ಸೇರಿದ್ರೆ ಸಾಕು, ನನ್ನನ್ನ ಎಳ್ಕೊಂಡು ಬಂದು, "ನಮ್ ಬೋರಣ್ಣ ಏನ್ ಮಾಡ್ದ ಗೊತ್ತಾ" ಅಂತ ಶುರು ಮಾಡ್ತಾನೆ. ನಾನು ನೆಲ ನೋಡ್ತೀನಿ. ಜನ ಅದನ್ನ ವಿನಯ ಅಂದ್ಕೊತಾರೆ. ಅವನು ಇಷ್ಟು ಹಗುರವಾಗಿ ನಿದ್ದೆ ಮಾಡ್ತಾನಲ್ಲ ಅಂತ ಆಗಲೂ ಒಂದು ಸಣ್ಣ ಕಿಚ್ಚು ಏಳುತ್ತೆ.

ಮೊನ್ನೆ ಲೈಬ್ರರಿಯಲ್ಲಿ ಆ ಸಣ್ಣಕ್ಷರ ಓದಿದಾಗ ಒಂದು ಗಳಿಗೆ ಬಿಡುಗಡೆ ಆದಂಗಾಯ್ತು. ನೋಡಿ, ಎರಡೂ ಒಂದೇ ಪದ! ಆ ಗ್ರೀಕರಿಗೆ ಭೇದವೇ ಇರಲಿಲ್ಲ. ಫ್ರೆಂಚರೂ ನನ್ನ ಹಾಗೇ ಒಂದನ್ನ ಇನ್ನೊಂದು ಮಾಡಿಕೊಂಡವರು, ನೂರಾರು ವರ್ಷ ಹಿಂದೆ. ಹಳ್ಳಿ ಅನ್ನೋದು ನಮ್ಮ ಬಾಯಲ್ಲಿ ಅಳ್ಳಿ ಆಗೋ ಹಾಗೆ ಅವರ ಬಾಯಲ್ಲಿ ಅಕ್ಷರ ತಿರುಗಿತು, ಅವರನ್ನ ಯಾವ ಸಾಹೇಬರೂ ಕೇಳಲಿಲ್ಲ. ಹಾಗಾದ್ರೆ ನಾನು ಟೈಪ್ ಮಾಡಿದ್ದು ತಪ್ಪೇ ಅಲ್ಲ ಅಂತ ಅಲ್ಲೇ ಕೂತು ಒಬ್ಬನೇ ನಕ್ಕೆ. ಲೈಬ್ರರಿಯವರು ತಿರುಗಿ ನೋಡಿದ್ರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳೋ ಹೊತ್ತಿಗೆ ನಗು ಆರಿತ್ತು. ಪದಕ್ಕೆ ಎರಡು ಅರ್ಥ ಇರಬಹುದು. ಪೆನ್ಸಿಲು ನಿಲ್ಲಿಸಿದ್ದಾಗ ನನ್ನ ಮನಸ್ಸಲ್ಲಿ ಇದ್ದಿದ್ದು ಒಂದೇ.

ಅದಕ್ಕೇ ಇದನ್ನ ಬರೆದೆ. ಸಂಕ್ರ ಈ ಪತ್ರಿಕೆ ತರಿಸ್ತಾನೆ. ಅವನಿಗೊಂದು ಅಭ್ಯಾಸ ಇದೆ, ಯಾವುದನ್ನೇ ಓದಿದ್ರೂ ಕೊನೆಯಿಂದ ಶುರು ಮಾಡ್ತಾನೆ, ಕೊನೆ ಚೆನ್ನಾಗಿದ್ರೆ ಮಾತ್ರ ಮೊದಲಿಗೆ ಬರ್ತಾನೆ. ಅವನ ಕಣ್ಣಿಗೆ ಮೊದಲು ಇದೇ ಬೀಳ್ಲಿ ಅಂತ ಇಲ್ಲಿ ಕೊನೆಯಲ್ಲೇ ಇಡ್ತೀನಿ. ಸಂಕ್ರ, ಆ ಪದದ ಅರ್ಥ ನಂಗೆ ಗೊತ್ತಿತ್ತು ಕಣ್ಲಾ.

ಓದುಗರೇ, ನೀವೂ ಯಾರ ಬಗ್ಗೆಯಾದ್ರೂ ಹೀಗೆ ಅರ್ಧ ನಿಜ ಹೇಳಿ ಪೂರಾ ಹೊಗಳಿಸಿಕೊಂಡಿದ್ರೆ ನನಗೆ ಬರೀರಿ. ಕಾಗುಣಿತ ತಪ್ಪಿದ್ರೂ ಚಿಂತೆಯಿಲ್ಲ. ಎಲ್ಲರ ಕಾಗದನೂ ಓದ್ತೀನಿ, ಆದ್ರೆ ಮಳವಳ್ಳಿ ಮುದ್ರೆ ಬಿದ್ದಿದ್ದು ಬಂದ್ರೆ ಅದನ್ನ ಮೊದಲು ಒಡೀತೀನಿ. ಬರದೇ ಹೋದ್ರೆ ನಾನೇ ಬಸ್ಸು ಹತ್ತುತೀನಿ.